ಅಮ್ಮನಿಗೆ 76, ಸೊಂಟದ ಬಟ್ಟಲು ಮೂಳೆ ಒಡೆದಿದೆ: ಮೂವರು ಡಾಕ್ಟರು, ಮೂರು ಮಾತು

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮನಿಗೆ 76. ಹಾಸನದ ಹತ್ತಿರ ಹಳ್ಳಿ. ಕಳೆದ ಗುರುವಾರ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಎಡಮಗ್ಗುಲಿಗೆ ಬಿದ್ದರು. ಗಾಡಿ ಗುದ್ದಿಲ್ಲ, ಅಟ್ಟದಿಂದ ಬಿದ್ದಿಲ್ಲ, ನಿಂತಲ್ಲೇ ಕುಸಿದದ್ದು. ಪಕ್ಕದ ಟೌನಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ತೊಡೆ ಮೂಳೆ ಚೆನ್ನಾಗಿದೆ, ಸಣ್ಣ ಬಿರುಕು ಇರಬಹುದು, ಮಲಗಿಸಿ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಎರಡು ದಿನ ಮನೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಕಿರುಚುತ್ತಿದ್ದರು. ಮೂರನೇ ದಿನ ಬೆಂಗಳೂರಿಗೆ ಕರೆತಂದು ಸಿಟಿ ಸ್ಕ್ಯಾನ್ ಮಾಡಿಸಿದೆವು. ತೊಡೆ ಮೂಳೆ ನಿಜಕ್ಕೂ ಚೆನ್ನಾಗಿಯೇ ಇದೆ. ಒಡೆದಿರುವುದು ಅದು ಕೂರುವ ಬಟ್ಟಲು. ಅಸಿಟಾಬುಲಮ್ ಎನ್ನುತ್ತಾರಂತೆ, ಈ ವಾರಕ್ಕೆ ಮುಂಚೆ ನಾನು ಆ ಪದ ಕೇಳಿರಲಿಲ್ಲ.

ಈಗ ಸಮಸ್ಯೆ. ಒಬ್ಬರು ಹೇಳಿದರು, ಈ ವಯಸ್ಸಿಗೆ ಆಪರೇಷನ್ ಬೇಡ, ಕಾಲಿಗೆ ತೂಕ ಕಟ್ಟಿ 6 ವಾರ ಮಲಗಿಸಿ. ಇನ್ನೊಬ್ಬರು ಪ್ಲೇಟು ಸ್ಕ್ರೂ ಹಾಕಿ ಮೂಳೆ ಕೂಡಿಸೋಣ ಎಂದರು. ಮೂರನೆಯವರು, ಪ್ಲೇಟೂ ಹಾಕಿ ಅದೇ ಟೇಬಲ್ ಮೇಲೆ ಕೀಲನ್ನೂ ಬದಲಾಯಿಸಿಬಿಡೋಣ ಎನ್ನುತ್ತಾರೆ. ಮೂವರೂ ಒಳ್ಳೆಯವರೇ, ಮೂವರೂ ಖಚಿತವಾಗಿಯೇ ಹೇಳುತ್ತಾರೆ. ತಲೆ ಕೆಟ್ಟು ಹೋಗಿದೆ.

ರಿಪೋರ್ಟಿನಲ್ಲಿರುವ ಪದಗಳು: ಆಂಟೀರಿಯರ್ ಕಾಲಮ್, ಪೋಸ್ಟೀರಿಯರ್ ಹೆಮಿಟ್ರಾನ್ಸ್‌ವರ್ಸ್, ಕ್ವಾಡ್ರಿಲ್ಯಾಟರಲ್ ಪ್ಲೇಟ್ ಪುಡಿ, ಚೆಂಡು (ಅಂದರೆ ತೊಡೆ ಮೂಳೆಯ ತಲೆ) ಒಳಗೆ ಸರಿದಿದೆ, ಡೋಮ್ ಇಂಪ್ಯಾಕ್ಷನ್. ಬಿಪಿ, ಶುಗರ್ ಎರಡೂ ಇವೆ. ನಾಲ್ಕು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ಹೆಪ್ಪುಗಟ್ಟದ ಹಾಗೆ ಕ್ಲೋಪಿಡೋಗ್ರೆಲ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಬೀಳುವ ಹಿಂದಿನ ದಿನದವರೆಗೂ ಡೇರಿಗೆ ಹಾಲು ತಾವೇ ಹೊತ್ತುಕೊಂಡು ಹೋಗುತ್ತಿದ್ದರು. ಇವತ್ತು ಬಿದ್ದು ಐದನೇ ದಿನ. ಇದನ್ನು ಮನೆಯಲ್ಲಿ ಕಂಡವರು ದಯವಿಟ್ಟು ಬರೆಯಿರಿ.

ಬನಶಂಕರಿ ಬಸ್ಸು

ಐದು ದಿನ ಆಯಿತಾ? ನಮ್ಮ ಅಜ್ಜಿಗೆ ಸೊಂಟ ಮುರಿದಾಗ ಮಾರನೇ ದಿನವೇ ಆಪರೇಷನ್, ಮೂರನೇ ದಿನ ವಾಕರ್ ಹಿಡಿದು ನಡೆದರು. 84 ವಯಸ್ಸು. ನೀವು ಏನಕ್ಕೆ ಕಾಯುತ್ತಿದ್ದೀರಿ? ವಯಸ್ಸಾದವರನ್ನು ಮಲಗಿಸಿದರೆ ಕಥೆ ಮುಗಿಯಿತು.

ಎಲುಬಿನ ಮೇಷ್ಟ್ರು

ಬನಶಂಕರಿಯವರೇ, ನಿಮ್ಮ ಅಜ್ಜಿಯದ್ದು ಬೇರೆ, ಇವರ ಅಮ್ಮನದು ಬೇರೆ. ಈ ಗೊಂದಲ ಮೊದಲು ಬಿಡಿಸೋಣ. (ನಾನು ಮೂಳೆ ಡಾಕ್ಟರು, ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಕೆಲಸ. ಸ್ಕ್ಯಾನ್ ನೋಡದೆ ಬರೆಯುತ್ತಿದ್ದೇನೆ, ಅದು ನೆನಪಿರಲಿ.)

ನಮ್ಮ ಕಡೆ ಸೊಂಟ ಮುರಿಯಿತು ಅಂದರೆ ಸಾಮಾನ್ಯವಾಗಿ ಮುರಿದಿರುವುದು ತೊಡೆ ಮೂಳೆಯ ಕುತ್ತಿಗೆ ಅಥವಾ ಅದರ ಕೆಳಗಿನ ಭಾಗ. ಒರಳುಕಲ್ಲು ನೆನಪು ಮಾಡಿಕೊಳ್ಳಿ. ಗುಂಡು ಒಡೆದರೆ ಹೊಸ ಗುಂಡು ತಂದರಾಯಿತು, ಒರಳು ನೆಲದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕೇ ಆ ಆಪರೇಷನ್ ಬೇಗ ಆಗುತ್ತದೆ, ಬೇಗ ನಡೆಸುತ್ತಾರೆ. ಇವರ ಅಮ್ಮನಿಗೆ ಒರಳೇ ಬಿರಿದಿದೆ. ಹೊಸ ಗುಂಡು ತಂದರೂ ಕೂರಿಸುವುದು ಎಲ್ಲಿ? ಮೂವರು ಡಾಕ್ಟರು ಮೂರು ಮಾತು ಹೇಳುವುದು ಇದೇ ಪ್ರಶ್ನೆಯಿಂದ.

ಈ ಬಟ್ಟಲು ಬಹಳ ಆಳದಲ್ಲಿದೆ. ಸುತ್ತ ದೊಡ್ಡ ರಕ್ತನಾಳ, ನರ, ಮೂತ್ರಕೋಶ. 1960ರ ದಶಕದವರೆಗೂ ಇದನ್ನು ತೆರೆದು ಕೂಡಿಸುವ ಧೈರ್ಯ ಮಾಡಿದವರು ಕಡಿಮೆ. ಪ್ಯಾರಿಸ್ಸಿನ ರೋಬೇರ್ ಜೂಡೆ ಮತ್ತು ಎಮಿಲ್ ಲೆಟೂರ್ನೆಲ್ 1964ರಲ್ಲಿ ಈ ಮುರಿತಗಳನ್ನು ಹತ್ತು ಬಗೆಯಾಗಿ ವಿಂಗಡಿಸಿದರು. ಐದು ಸರಳ, ಐದು ಕೂಡಿಕೊಂಡವು. ಇವತ್ತಿಗೂ ನಿಮ್ಮ ರಿಪೋರ್ಟಿನಲ್ಲಿರುವ ಭಾಷೆ ಅವರದ್ದೇ. ಎಕ್ಸ್‌ರೇಯಲ್ಲಿ 45 ಡಿಗ್ರಿ ಓರೆ ಮಾಡಿ ತೆಗೆಯುವ ಎರಡು ನೋಟಗಳಿಗೂ ಜೂಡೆ ಹೆಸರೇ. ನೇರ ಎಕ್ಸ್‌ರೇ ಒಂದರಲ್ಲೇ ಇಂಥ ಬಿರುಕು ತಪ್ಪಿಹೋಗುವುದು ಹೊಸದೇನಲ್ಲ. ತೊಡೆ ಮೂಳೆ ಸರಿಯಿದೆ ಎಂದು ಗೊತ್ತಾದ ತಕ್ಷಣ ನೋಡುವವರ ಕಣ್ಣು ಅಲ್ಲಿಗೇ ನಿಂತುಬಿಡುತ್ತದೆ.

ಜೂಡೆ, ಲೆಟೂರ್ನೆಲ್ ನೋಡಿದ ರೋಗಿಗಳಲ್ಲಿ ಹೆಚ್ಚಿನವರು ಅಪಘಾತವಾದ ಹರೆಯದವರು. ಕಾರಿನಲ್ಲಿ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು ಬಟ್ಟಲಿನ ಹಿಂಗೋಡೆ ಒಡೆಯುತ್ತದೆ. ಮುದುಕರಲ್ಲಿ ಹಾಗಲ್ಲ. ಮಗ್ಗುಲಿಗೆ ಬಿದ್ದಾಗ ಪೆಟ್ಟು ಸೊಂಟದ ಪಕ್ಕದ ಗಂಟಿಗೆ ಬೀಳುತ್ತದೆ, ಚೆಂಡು ಸುತ್ತಿಗೆ ಥರ ಒಳಗೆ ನುಗ್ಗುತ್ತದೆ, ಮೂಳೆ ಮೊದಲೇ ಟೊಳ್ಳಾಗಿರುವುದರಿಂದ ಬಟ್ಟಲಿನ ಮುಂಭಾಗ ಮತ್ತು ಒಳಗೋಡೆ ಬಿರಿಯುತ್ತವೆ. ಆಂಟೀರಿಯರ್ ಕಾಲಮ್ ಎಂದರೆ ಬಟ್ಟಲಿನ ಮುಂದಿನ ಕಂಬ, ಪೋಸ್ಟೀರಿಯರ್ ಹೆಮಿಟ್ರಾನ್ಸ್‌ವರ್ಸ್ ಎಂದರೆ ಹಿಂಭಾಗದಲ್ಲಿ ಅಡ್ಡ ಬಿರುಕು, ಕ್ವಾಡ್ರಿಲ್ಯಾಟರಲ್ ಪ್ಲೇಟ್ ಎಂದರೆ ಆ ತೆಳು ಒಳಗೋಡೆ. ನಿಮ್ಮ ಅಮ್ಮನದು ವಯಸ್ಸಾದವರಲ್ಲಿ ಕಾಣುವ ಪಕ್ಕಾ ಮಾದರಿ.

ಅವಸರದ ಬಗ್ಗೆ: ಚೆಂಡು ಬಟ್ಟಲಿನಿಂದ ಹೊರಗೆ ಜಾರಿ ಕೀಲು ತಪ್ಪಿದ್ದರೆ ಗಂಟೆಗಳ ಲೆಕ್ಕ. ಅದಿಲ್ಲದಿದ್ದರೆ ಕೆಲವು ದಿನ ತಯಾರಿ ಮಾಡಿಕೊಂಡು ಆಪರೇಷನ್ ಮಾಡುವುದು ತಪ್ಪಲ್ಲ. ಆದರೆ ಎರಡು ವಾರ ದಾಟಿಸಬೇಡಿ. ಮೂರು ವಾರವಾದರೆ ತುಂಡುಗಳು ಅಂಟಿಕೊಳ್ಳಲು ಶುರುವಾಗುತ್ತವೆ, ಸರಿಯಾಗಿ ಕೂಡಿಸುವುದು ತೀರಾ ಕಷ್ಟ.

ಬನಶಂಕರಿ ಬಸ್ಸು

ಓ, ಸರಿ ಸರಿ. ಎರಡೂ ಒಂದೇ ಅಂದುಕೊಂಡಿದ್ದೆ. ಕ್ಷಮಿಸಿ.

ನಾಟಿ ನಂಬಿಕೆ

ಸುಮ್ನೆ ಲಕ್ಷಗಟ್ಟಲೆ ಸುರಿಯಬೇಡಿ. ಪುತ್ತೂರು ಕಟ್ಟು ಹಾಕಿಸಿ. ನಮ್ಮ ಮಾವನ ಕೈ ಮುರಿದಾಗ ಮೂರು ಕಟ್ಟಿಗೆ ಸರಿ ಹೋಯಿತು.

ತುಂಗಾ ತೀರ

ಕೈ ಮೂಳೆಗೆ ಬಿದಿರ ದಬ್ಬೆ ಇಟ್ಟು ಕಟ್ಟಬಹುದು ಸ್ವಾಮಿ. ಸೊಂಟದ ಒಳಗಿನ ಬಟ್ಟಲಿಗೆ ಎಲ್ಲಿಂದ ಕಟ್ಟುತ್ತಾರೆ?

ನಮ್ಮ ಅಪ್ಪನ ವಿಷಯ ಹೇಳುತ್ತೇನೆ, ಯಾಕೆಂದರೆ ಆಪರೇಷನ್ ಇಲ್ಲದೆಯೂ ಆಗುತ್ತದೆ ಎನ್ನುವುದಕ್ಕೆ ಅವರೇ ಸಾಕ್ಷಿ. 81 ವರ್ಷ, ತೋಟದಲ್ಲಿ ಕಾಲು ಜಾರಿ ಬಿದ್ದರು. ಬಟ್ಟಲಿನ ಮುಂದಿನದು, ಹಿಂದಿನದು, ಎರಡೂ ಕಂಬ ಮುರಿದಿದ್ದವು. ಕೇಳಿದರೆ ಭಯ ಆಗುತ್ತದೆ ಅಲ್ವಾ? ಆದರೆ ಸರ್ಜನ್ ಸ್ಕ್ಯಾನ್ ತೋರಿಸಿ ಹೇಳಿದ್ದು ಏನೆಂದರೆ, ಬಟ್ಟಲು ಚೂರಾಗಿದೆ, ಆದರೆ ಚೂರುಗಳೆಲ್ಲ ಚೆಂಡಿನ ಸುತ್ತಲೇ ಕೂತಿವೆ, ಚೆಂಡಿಗೆ ಚೂರುಗಳು ಅಂಗೈ ಮುಚ್ಚಿದ ಹಾಗೆ ಹೊಂದಿಕೊಂಡಿವೆ, ಹಾಗೇ ಬಿಟ್ಟರೂ ಕೂಡಿಕೊಳ್ಳುತ್ತದೆ. ಅಪ್ಪನಿಗೆ ಶ್ವಾಸಕೋಶ ಹಾಳಾಗಿತ್ತು, ಅನಸ್ತೇಷಿಯಾ ಕೊಡುವವರೂ ಹಿಂದೆ ಮುಂದೆ ನೋಡಿದರು. ಬಿಟ್ಟೆವು.

ಆದರೆ ಮಲಗಿಸಿ ಬಿಡಲಿಲ್ಲ, ಇದು ಮುಖ್ಯ. ಕಾಲಿಗೆ ತೂಕ ಕಟ್ಟಲಿಲ್ಲ. ನಾಲ್ಕನೇ ದಿನದಿಂದಲೇ ಕುರ್ಚಿಗೆ ಎತ್ತಿ ಕೂರಿಸಿದರು. ಎರಡನೇ ವಾರ ವಾಕರ್, ಕಾಲು ನೆಲಕ್ಕೆ ಸುಮ್ಮನೆ ತಾಗಿಸಿಕೊಂಡು. ಪ್ರತಿ ವಾರ ಎಕ್ಸ್‌ರೇ. ಮೂರು ತಿಂಗಳಿಗೆ ಕೋಲು ಹಿಡಿದು ಅಂಗಳದಲ್ಲಿ ಓಡಾಡಿದರು. ಸ್ವಲ್ಪ ಕುಂಟುತ್ತಾರೆ, ಕಾಲು ಒಂದು ಬೆರಳಿನಷ್ಟು ಗಿಡ್ಡ. ಅಡಿಕೆ ಸುಲಿಯುವ ಕಡೆ ಹೋಗಿ ಕೂತು ಎಲ್ಲರಿಗೂ ಬೈಯುವುದಕ್ಕೆ ಏನೂ ಅಡ್ಡಿಯಿಲ್ಲ.

ಎಲುಬಿನ ಮೇಷ್ಟ್ರು

ತುಂಗಾ ಅವರು ಹೇಳಿದ್ದಕ್ಕೆ ಸೆಕೆಂಡರಿ ಕಾಂಗ್ರುಯೆನ್ಸ್ ಎನ್ನುತ್ತಾರೆ. ಇದೂ ಲೆಟೂರ್ನೆಲ್ ಗುರುತಿಸಿದ್ದೇ. ಎರಡೂ ಕಂಬ ಮುರಿದಾಗ ಮಾತ್ರ ಹೀಗಾಗಬಹುದು, ಏಕೆಂದರೆ ಆಗ ಬಟ್ಟಲಿನ ಯಾವ ಚೂರೂ ಮೇಲಿನ ಸೊಂಟದ ಮೂಳೆಗೆ ಅಂಟಿಕೊಂಡಿರುವುದಿಲ್ಲ, ಎಲ್ಲವೂ ಚೆಂಡಿನ ಜೊತೆಗೇ ಸರಿಯುತ್ತವೆ. ಹೇಮಾವತಿಯವರ ಅಮ್ಮನಿಗೆ ಅದು ಅನ್ವಯಿಸುವುದಿಲ್ಲ. ಅವರ ಬಟ್ಟಲಿನ ಮಾಳಿಗೆಯ ಒಂದು ಭಾಗ ಮೇಲೇ ಉಳಿದಿದೆ, ಚೆಂಡು ಅದನ್ನು ಬಿಟ್ಟು ಒಳಗೆ ಹೋಗಿದೆ. ಹಾಗೇ ಬಿಟ್ಟರೆ ಚೆಂಡು ಮುರುಕು ಅಂಚಿನ ಮೇಲೆ ಉಜ್ಜುತ್ತಲೇ ಇರುತ್ತದೆ.

ಇನ್ನು ಆ 6 ವಾರದ ತೂಕ. ಆಪರೇಷನ್ ಆಗುವವರೆಗೆ ಚೆಂಡನ್ನು ಹೊರಗೆ ಎಳೆದು ಹಿಡಿಯಲು ಕೆಲವು ದಿನ ಎಳೆತ ಹಾಕುವುದುಂಟು, ಅದು ಸರಿ. ಅದನ್ನೇ ಚಿಕಿತ್ಸೆ ಎಂದು 76ರ ಜೀವವನ್ನು ಒಂದೂವರೆ ತಿಂಗಳು ಅಂಗಾತ ಮಲಗಿಸುವುದು ಹಳೇ ಕಾಲದ ಮಾತು. ಬೆನ್ನು ಹುಣ್ಣು, ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹಾರುವುದು, ಇವೆಲ್ಲ ಮುರಿದ ಮೂಳೆಗಿಂತ ಬೇಗ ಮನುಷ್ಯನನ್ನು ಕರೆದೊಯ್ಯುತ್ತವೆ. ಯಾರಿಗೂ ಬೈಯುತ್ತಿಲ್ಲ. ಆದರೆ ಆಪರೇಷನ್ ಬೇಡ ಎನ್ನುವುದು ಬೇರೆ, ಎಬ್ಬಿಸಬೇಡ ಎನ್ನುವುದು ಬೇರೆ.

ಚಾಮುಂಡಿ ಮೆಟ್ಟಿಲು

ನಾನು ಪ್ಲೇಟಿನ ಕಥೆ ಹೇಳಬೇಕು. ಹೇಳಲೋ ಬೇಡವೋ ಎಂದು ಮೂರು ಸಲ ಬರೆದು ಅಳಿಸಿದೆ.

ನಮ್ಮ ಚಿಕ್ಕಮ್ಮನಿಗೆ ಆಗ 68. ಮೆಟ್ಟಿಲಿಂದ ಬಿದ್ದು ನಿಮ್ಮ ಅಮ್ಮನ ಥರದ್ದೇ ಮುರಿತ. ಒಂದು ಖಾಸಗಿ ಆಸ್ಪತ್ರೆಯಲ್ಲಿ, ಹೆಸರು ಬೇಡ, ಪ್ಲೇಟು ಹಾಕಿದರು. ನಾಲ್ಕು ಗಂಟೆ ಆಪರೇಷನ್, ಎರಡು ಬಾಟಲಿ ರಕ್ತ. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಹಾಕಬಾರದು ಎಂದರು. 68ರ ಹೆಂಗಸಿಗೆ ಒಂದು ಕಾಲಲ್ಲಿ ಕುಪ್ಪಳಿಸು ಎಂದರೆ ಹೇಗೆ? ಕೈಯಲ್ಲಿ ಬಲವಿಲ್ಲ, ವಾಕರ್ ಹಿಡಿದು ಕುಪ್ಪಳಿಸಲು ಆಗಲಿಲ್ಲ, ಮಲಗಿಯೇ ಇದ್ದರು. ಮೂರು ತಿಂಗಳ ನಂತರ ನಿಂತರು, ನಡೆದರು, ನಾವೆಲ್ಲ ಸಿಹಿ ಹಂಚಿದೆವು. ಒಂಬತ್ತನೇ ತಿಂಗಳಿಗೆ ತೊಡೆಸಂದಿಯಲ್ಲಿ ನೋವು ಶುರು. ಹದಿನಾಲ್ಕನೇ ತಿಂಗಳಿಗೆ ಚೆಂಡು ಸವೆದು, ಕೀಲು ಬದಲಾವಣೆ ಆಪರೇಷನ್ ಮಾಡಲೇಬೇಕಾಯಿತು. ಹಳೇ ಪ್ಲೇಟಿನ ಎರಡು ಸ್ಕ್ರೂ ಅಡ್ಡ ಬಂದು ಅವನ್ನು ತೆಗೆಯಲು ಇನ್ನೊಂದು ಗಂಟೆ.

ಸಿಟ್ಟು ಇರುವುದು ಪ್ಲೇಟು ಸೋತಿತು ಎಂದಲ್ಲ. ಹೀಗೂ ಆಗಬಹುದು, ಬೇರೆ ದಾರಿಯೂ ಇದೆ ಎಂದು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲವಲ್ಲ ಎಂದು. ಎರಡನೇ ಆಪರೇಷನ್ ಮಾಡಿದವರು ಮೊದಲ ಸ್ಕ್ಯಾನ್ ತರಿಸಿ ನೋಡಿ, ಇದರಲ್ಲೇ ಇತ್ತಲ್ಲ ಗಲ್ ಸೈನ್ ಎಂದರು.

ಹೇಮಾವತಿ ದಂಡೆ

ನನಗೂ ಮೂರನೇ ಡಾಕ್ಟರು ಅದೇ ಪದ ಹೇಳಿದರು! ಗಲ್ ಸೈನ್. ಏನದು? ಅವರು ಹೇಳುವ ಹೊತ್ತಿಗೆ ನನ್ನ ತಲೆ ಓಡುತ್ತಿರಲಿಲ್ಲ.

ಎಲುಬಿನ ಮೇಷ್ಟ್ರು

ಗಲ್ ಎಂದರೆ ಕಡಲ ಹಕ್ಕಿ. ಹಾಸನದಲ್ಲಿ ಸಿಗುವುದಿಲ್ಲ, ಮಲ್ಪೆಗೆ ಹೋದರೆ ಕಾಣಬಹುದು. ಮಕ್ಕಳು ಚಿತ್ರದಲ್ಲಿ ಹಾರುವ ಹಕ್ಕಿ ಬರೆಯುತ್ತಾರಲ್ಲ, ಎರಡು ಬಾಗಿದ ಗೆರೆ ನಡುವೆ ಸೇರಿಸಿ, ಅದೇ ಆಕಾರ. ಬಟ್ಟಲಿನ ಮಾಳಿಗೆ ಎಕ್ಸ್‌ರೇಯಲ್ಲಿ ಒಂದೇ ನುಣುಪಾದ ಕಮಾನಿನಂತೆ ಕಾಣಬೇಕು. ಚೆಂಡು ಗುದ್ದಿ ಮಾಳಿಗೆಯ ಒಳಭಾಗ ಮೇಲಕ್ಕೆ ಕುಸಿದು ಕೂತುಬಿಟ್ಟರೆ ಕಮಾನು ಎರಡಾಗಿ ಹಕ್ಕಿ ರೆಕ್ಕೆಯಂತೆ ಕಾಣುತ್ತದೆ. ನಿಮ್ಮ ರಿಪೋರ್ಟಿನ ಡೋಮ್ ಇಂಪ್ಯಾಕ್ಷನ್ ಇದೇ. 60 ದಾಟಿದವರಲ್ಲಿ ಇದು ಕಂಡರೆ ಬರೀ ಪ್ಲೇಟು ಹಾಕಿದ ಕೀಲು ಬಾಳುವುದು ಕಷ್ಟ ಎಂದು 2003ರಲ್ಲಿ ಅಮೆರಿಕದ ಸರ್ಜನ್‌ಗಳು ಬರೆದರು. ಕುಸಿದ ಮೂಳೆ ರವೆ ಉಂಡೆ ಅದುಮಿದ ಹಾಗೆ. ಮೇಲೆತ್ತಿ ಕೂರಿಸಿದರೂ ಕೆಳಗೆ ಟೊಳ್ಳು ಉಳಿಯುತ್ತದೆ, ಅದರ ಮೇಲಿನ ಮೆತ್ತೆಯೂ (ಕಾರ್ಟಿಲೇಜ್) ಸತ್ತಿರುತ್ತದೆ.

ಪ್ಲೇಟನ್ನು ಪೂರ್ತಿ ತೆಗೆದುಹಾಕಬೇಡಿ, ಅದು ಒಳ್ಳೆಯ ಆಪರೇಷನ್ನೇ. ಮ್ಯಾಟಾ ಎಂಬ ಅಮೆರಿಕದ ಸರ್ಜನ್ ಮತ್ತು ಅವರ ತಂಡ 816 ಮುರಿತಗಳ ಲೆಕ್ಕವನ್ನು 2012ರಲ್ಲಿ ಪ್ರಕಟಿಸಿತು. 20 ವರ್ಷದ ಲೆಕ್ಕದಲ್ಲಿ 79% ಜನರ ಸ್ವಂತ ಕೀಲು ಉಳಿದಿತ್ತು. ಆದರೆ ಅದರಲ್ಲಿ ಎಲ್ಲ ವಯಸ್ಸಿನವರೂ ಇದ್ದರು, ಮಾಡಿದ ಕೈ ಆ ಕಾಲದ ದೊಡ್ಡ ಕೈ. ಕೀಲು ಸೋಲಲು ಕಾರಣವೆಂದು ಅವರೇ ಹೇಳಿದ್ದರಲ್ಲಿ 40 ದಾಟಿದ ವಯಸ್ಸು, ಕುಸಿದ ಮೂಳೆ, ಚೆಂಡಿನ ಮೆತ್ತೆಗೆ ಪೆಟ್ಟು, 20 ಮಿಲಿಮೀಟರಿಗೂ ಮೀರಿದ ಸರಿತ, ಸರಿಯಾಗಿ ಕೂಡದ ಮಾಳಿಗೆ ಇವೆಲ್ಲ ಇವೆ. 79 ಎನ್ನುವ ಸಂಖ್ಯೆಯನ್ನು ಯಾರಾದರೂ ನಿಮ್ಮ ಮುಂದಿಟ್ಟರೆ ಈ ಪಟ್ಟಿಯನ್ನೂ ಮುಂದಿಡಿ.

ಪ್ಲೇಟು ಹಾಕುವ ದಾರಿಗಳು ಬದಲಾಗಿವೆ. ಲೆಟೂರ್ನೆಲ್ ತೊಡೆಸಂದಿಯ ಉದ್ದಕ್ಕೂ ದೊಡ್ಡ ಗಾಯ ಮಾಡುತ್ತಿದ್ದರು. 1990ರ ದಶಕದಿಂದ ಕೆಳಹೊಟ್ಟೆಯಿಂದ, ಸಿಸೇರಿಯನ್ ಗಾಯದ ಜಾಗದಿಂದಲೇ ಹೋಗಿ ಒಳಗೋಡೆಗೆ ನೇರವಾಗಿ ಪ್ಲೇಟು ಆನಿಸುವ ಸ್ಟೋಪಾ ದಾರಿ ಬಂತು. ವಯಸ್ಸಾದವರ ಮುರಿತಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಆ ದಾರಿಯಲ್ಲಿ ಅಡ್ಡಕ್ಕೆ ಒಂದು ರಕ್ತನಾಳ ಸಿಗುತ್ತದೆ, ಹೆಸರು ಕೊರೋನಾ ಮಾರ್ಟಿಸ್, ಸಾವಿನ ಕಿರೀಟ ಎಂದರ್ಥ. ನೋಡದೆ ಕತ್ತರಿಸಿದರೆ ಏನಾಗುತ್ತದೆ ಎಂದು ಹೆಸರೇ ಹೇಳುತ್ತದೆ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಈ ಆಪರೇಷನ್ ಎಲ್ಲ ಮೂಳೆ ಡಾಕ್ಟರ ಕೆಲಸವಲ್ಲ. ನಾನೂ ಮಾಡುವುದಿಲ್ಲ, ಕಳಿಸಿಕೊಡುತ್ತೇನೆ.

ಮೂರನೇ ದಾರಿ, ಕೂಡಿಸಿ ಬದಲಾಯಿಸುವುದು. ಮೊದಲು ಪ್ಲೇಟಿನಿಂದ ಒರಳಿನ ಗೋಡೆಗಳನ್ನು ಹಿಡಿದು ನಿಲ್ಲಿಸುತ್ತಾರೆ. ಇಲ್ಲಿ ಮಿಲಿಮೀಟರ್ ಲೆಕ್ಕದ ನುಣುಪು ಬೇಡ, ಗಟ್ಟಿಯಾದರೆ ಸಾಕು, ಏಕೆಂದರೆ ಒಳಗೆ ಲೋಹದ ಹೊಸ ಬಟ್ಟಲು ಬರುತ್ತದೆ. ತೆಗೆದ ಚೆಂಡನ್ನು ಎಸೆಯುವುದಿಲ್ಲ, ಪುಡಿ ಮಾಡಿ ಒಳಗೋಡೆಯ ತೂತಿಗೆ ತುಂಬುತ್ತಾರೆ. ಅದರ ಮೇಲೆ ಬಹಳ ತೂತಿರುವ ಕಪ್ಪನ್ನು ಹಲವು ಸ್ಕ್ರೂಗಳಿಂದ ಮೇಲಿನ ಗಟ್ಟಿ ಮೂಳೆಗೆ ಬಿಗಿಯುತ್ತಾರೆ. ಗೋಡೆ ತೀರಾ ಪುಡಿಯಾಗಿದ್ದರೆ ಪಂಜರದಂಥ ಲೋಹದ ಚೌಕಟ್ಟು ಹಾಕುವುದುಂಟು. ಚೆಂಡು ಜಾರಿ ಹೊರಬರುವ ಭಯ ಈ ರೋಗಿಗಳಲ್ಲಿ ಜಾಸ್ತಿ, ಹಾಗಾಗಿ ಹಲವರು ಡ್ಯುಯಲ್ ಮೊಬಿಲಿಟಿ ಕಪ್ ಆರಿಸುತ್ತಾರೆ. ಚೆಂಡೊಳಗೊಂದು ಚೆಂಡು, 1970ರ ದಶಕದಲ್ಲಿ ಫ್ರಾನ್ಸಿನ ಬೂಸ್ಕೆ ತಂದದ್ದು.

ಲಾಭ ಏನೆಂದರೆ ಕಪ್ ಗಟ್ಟಿ ಕೂತಿದ್ದರೆ ಒಂದೆರಡು ದಿನದಲ್ಲೇ ಆ ಕಾಲಿನ ಮೇಲೆ ಭಾರ ಹಾಕಿ ನಿಲ್ಲಬಹುದು. ನಷ್ಟ: ಆಪರೇಷನ್ ದೊಡ್ಡದು, ರಕ್ತ ಹೋಗುತ್ತದೆ, ಸೋಂಕು ತಗುಲಿದರೆ ಸಂಭಾಳಿಸುವುದು ಬಹಳ ಕಷ್ಟ, ಚೆಂಡು ಜಾರಬಹುದು, ಹಿಂಬದಿಯಿಂದ ಹೋದರೆ ಕಾಲಿಗೆ ಇಳಿಯುವ ದೊಡ್ಡ ನರಕ್ಕೆ (ಸಯಾಟಿಕ್) ಪೆಟ್ಟಾಗಿ ಪಾದ ಎತ್ತಲು ಆಗದೆ ಹೋಗಬಹುದು.

ಲೀಡ್ಸ್ ಮಳೆ

ಇಲ್ಲಿ ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದೇನೆ, ಟ್ರಾಮಾ ವಾರ್ಡು. ಇಲ್ಲೂ ಮೂವರನ್ನು ಕೇಳಿದರೆ ಮೂರು ಉತ್ತರವೇ ಬರುತ್ತದೆ, ಸಮಾಧಾನ ಮಾಡಿಕೊಳ್ಳಿ. ಏಸ್‌ಫಿಟ್ ಎಂಬ ಹೆಸರಿನಲ್ಲಿ ಈ ಮೂರನ್ನೂ, ಅಂದರೆ ಆಪರೇಷನ್ ಇಲ್ಲದೆ, ಪ್ಲೇಟು, ಪ್ಲೇಟು ಜೊತೆಗೆ ಕೀಲು, ಚೀಟಿ ಎತ್ತಿ ಹೋಲಿಸಲು ಆಗುತ್ತದೆಯೇ ಎಂದು ನೋಡುವ ಸಣ್ಣ ಪ್ರಯೋಗವನ್ನೂ ಇಲ್ಲಿ ಮಾಡಿದ್ದರು. ಅಂದರೆ ಪ್ರಶ್ನೆ ಇನ್ನೂ ತೆರೆದೇ ಇದೆ.

ವ್ಯತ್ಯಾಸ ಇರುವುದು ವ್ಯವಸ್ಥೆಯಲ್ಲಿ. ಇಂಥ ಮುರಿತ ಕಂಡರೆ ಸಣ್ಣ ಆಸ್ಪತ್ರೆಯವರು ಸ್ಕ್ಯಾನನ್ನು ದೊಡ್ಡ ಟ್ರಾಮಾ ಕೇಂದ್ರದ ಪೆಲ್ವಿಸ್ (ಸೊಂಟದ ಮೂಳೆ) ತಂಡಕ್ಕೆ ಕಳಿಸುತ್ತಾರೆ, ಅವರು ಕೂತು ಚರ್ಚಿಸಿ ಹೇಳುತ್ತಾರೆ. ಮತ್ತೆ ವಯಸ್ಸಾದವರ ವೈದ್ಯರು ಮೂಳೆ ವಾರ್ಡಿನಲ್ಲೇ ರೌಂಡ್ಸ್ ಬರುತ್ತಾರೆ. ಶುಗರ್, ಸೋಡಿಯಂ, ರಾತ್ರಿ ಹೊತ್ತು ಗೊಂದಲವಾಗಿ ಮಾತಾಡುವುದು, ಮಲಬದ್ಧತೆ, ಎಲ್ಲ ಅವರದ್ದು. ಆಪರೇಷನ್ ಚೆನ್ನಾಗಿ ಆಗಿ ರೋಗಿ ಈ ಸಣ್ಣ ಸಣ್ಣ ವಿಷಯಕ್ಕೇ ಸೋಲುವುದನ್ನು ನಾನು ನೋಡಿದ್ದೇನೆ. ನಿಮ್ಮ ಆಸ್ಪತ್ರೆಯಲ್ಲಿ ಒಬ್ಬ ಫಿಸಿಷಿಯನ್ ದಿನಾ ನೋಡುತ್ತಾರಾ ಎಂದು ಕೇಳಿ.

ಅಮ್ಮನಿಗೆ ಆಪರೇಷನ್ ಆದ ಮೇಲೆ ಎರಡು ದಿನ ಮಾತು ತಪ್ಪಬಹುದು, ಸತ್ತ ಅಜ್ಜಿಯನ್ನು ಕರೆಯಬಹುದು. ಹೆದರಬೇಡಿ. ಕನ್ನಡಕ ಹಾಕಿಸಿ, ಹಗಲು ಕಿಟಕಿ ತೆರೆಯಿರಿ, ಗೊತ್ತಿರುವ ಮುಖ ಪಕ್ಕದಲ್ಲಿರಲಿ.

ಲೆಕ್ಕದ ಪುಸ್ತಕ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿ. 70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಯೋಜನೆ ಶುರು ಮಾಡಿತು. ನಿಮ್ಮ ಆಸ್ಪತ್ರೆಯಲ್ಲಿ ಯಾವುದು ನಡೆಯುತ್ತದೆ ಎಂದು ಅಲ್ಲಿ ಕೂತಿರುವ ಆರೋಗ್ಯ ಮಿತ್ರರನ್ನೇ ಕೇಳಿ, ಅಡ್ಮಿಷನ್‌ಗೆ ಮುಂಚೆಯೇ ಕೇಳಿ. ಬಿಲ್ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಪ್ಲೇಟು, ಕಪ್ಪು ಎರಡೂ ಸೇರಿದಾಗ ಇಂಪ್ಲಾಂಟ್ ಖರ್ಚೇ ದೊಡ್ಡದು, ಪ್ಯಾಕೇಜಿನ ಒಳಗೋ ಹೊರಗೋ ಎಂದು ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ಸರ್ಕಾರದ್ದೇ ಸಂಜಯ್ ಗಾಂಧಿ ಟ್ರಾಮಾ ಮತ್ತು ಮೂಳೆ ಸಂಸ್ಥೆ ಇದೆ, ಬರೀ ಇಂಥದ್ದಕ್ಕೇ ಇರುವ ಜಾಗ. ಅಲ್ಲೊಂದು ಅಭಿಪ್ರಾಯ ಕೇಳಬಹುದು.

ಹೇಮಾವತಿ ದಂಡೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೇಷ್ಟ್ರೇ, ನಾಳೆ ಮೂರನೇ ಡಾಕ್ಟರ ಹತ್ತಿರ ಮತ್ತೆ ಹೋಗುತ್ತಿದ್ದೇನೆ. ಏನೇನು ಕೇಳಲಿ?

ಎಲುಬಿನ ಮೇಷ್ಟ್ರು

ಬಟ್ಟಲಿನ ಆಪರೇಷನ್ ತಿಂಗಳಿಗೆ ಎಷ್ಟು ಮಾಡುತ್ತೀರಿ ಎಂದು ಕೇಳಿ. ಮುಜುಗರ ಬೇಡ, ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದೇ ಗಾಯವೋ ಎರಡೋ ಕೇಳಿ. ಯಾವ ದಿನ ನಿಲ್ಲಿಸುತ್ತೀರಿ, ಪೂರ್ತಿ ಭಾರ ಹಾಕಬಹುದೋ ಅರ್ಧವೋ ಕೇಳಿ. ಟೇಬಲ್ ಮೇಲೆ ಕಪ್ ಗಟ್ಟಿಯಾಗಿ ಕೂರದಿದ್ದರೆ ಮುಂದಿನ ಉಪಾಯ ಏನು, ಪಂಜರ ತರಿಸಿಟ್ಟಿರುತ್ತೀರಾ ಎಂದು ಕೇಳಿ. ಕ್ಲೋಪಿಡೋಗ್ರೆಲ್ ವಿಷಯ ಹೃದಯದ ಡಾಕ್ಟರನ್ನು ಕೇಳಿಯೇ ನಿರ್ಧರಿಸಲಿ, ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿ ನಾಲ್ಕು ವರ್ಷವಾಗಿರುವುದು ಅನುಕೂಲವೇ.

ನನ್ನ ಅಭಿಪ್ರಾಯ ಕೇಳಿದರೆ, ಡೇರಿಗೆ ಹಾಲು ಹೊರುತ್ತಿದ್ದ ಹೆಂಗಸು, ಮಾಳಿಗೆ ಕುಸಿದಿದೆ, ಚೆಂಡು ಒಳಗೆ ಹೋಗಿದೆ. ನಮ್ಮ ತಾಯಿಯಾಗಿದ್ದರೆ ನಾನು ಮೂರನೇ ದಾರಿಯ ಕಡೆ ವಾಲುತ್ತಿದ್ದೆ, ಹೃದಯ ತಡೆದುಕೊಳ್ಳುತ್ತದೆ ಎಂದು ಅನಸ್ತೇಷಿಯಾದವರು ಒಪ್ಪಿದರೆ. ಮೊದಲೇ ಹಾಸಿಗೆ ಹಿಡಿದವರಾಗಿದ್ದರೆ ತುಂಗಾ ಅವರ ಅಪ್ಪನ ದಾರಿ.

ಚಾಮುಂಡಿ ಮೆಟ್ಟಿಲು

ಚಿಕ್ಕಮ್ಮ ಈಗ ಚೆನ್ನಾಗಿದ್ದಾರೆ, ಅದನ್ನು ಹೇಳುವುದನ್ನೇ ಮರೆತೆ. ಮೊನ್ನೆ ಮದುವೆಗೆ ಬಂದಿದ್ದರು.

ಹೇಮಾವತಿ ದಂಡೆ

ಅಪ್‌ಡೇಟ್. ಹತ್ತನೇ ದಿನ ಆಪರೇಷನ್ ಆಯಿತು. ಕೂಡಿಸಿ ಬದಲಾಯಿಸಿದರು. ಎರಡು ಗಾಯ, ಕೆಳಹೊಟ್ಟೆಯಲ್ಲಿ ಒಂದು, ಪಕ್ಕದಲ್ಲಿ ಒಂದು. ಐದು ಗಂಟೆ. ಮೂರು ಯೂನಿಟ್ ರಕ್ತ. ಹೊರಗೆ ಬೆಂಚಿನ ಮೇಲೆ ಕೂತು ನಾನು ಲೆಕ್ಕ ಹಾಕದ ದೇವರಿಲ್ಲ.

ಲೀಡ್ಸ್‌ನವರು ಹೇಳಿದ ಹಾಗೆಯೇ ಮೊದಲ ರಾತ್ರಿ ಅಮ್ಮ ನನ್ನನ್ನು ತಮ್ಮ ಅಣ್ಣ ಎಂದುಕೊಂಡು ಎತ್ತಿಗೆ ಹುಲ್ಲು ಹಾಕಿದೆಯಾ ಎಂದು ಕೇಳಿದರು. ಹಾಕಿದೆ ಎಂದೆ. ಎರಡನೇ ದಿನ ಕುರ್ಚಿ. ಮೂರನೇ ದಿನ ವಾಕರ್ ಹಿಡಿದು ನಿಂತು, ಎರಡು ಹೆಜ್ಜೆ ಇಟ್ಟು, ಕೂರಿಸಪ್ಪ ಸಾಕು ಎಂದರು. ಹೊಟ್ಟೆಗೆ ದಿನಾ ರಕ್ತ ತೆಳುವಾಗುವ ಇಂಜೆಕ್ಷನ್, ಒಟ್ಟು ಐದು ವಾರ ಅಂತೆ.

ಫಿಸಿಯೋ ಅಕ್ಕ

ಇಲ್ಲಿಯವರೆಗೆ ಓದುತ್ತಿದ್ದೆ, ಈಗ ನನ್ನ ಸರದಿ. ಮನೆಗೆ ಬರುವ ಮುಂಚೆ ಮನೆ ಬದಲಾಗಬೇಕು. ನೆಲದ ಮೇಲೆ ಚಕ್ಕಂಬಕ್ಕಳ ಕೂರುವುದು ಬಂದ್. ಕೆಳಗೆ ಕೂತು ಮುದ್ದೆ ಉಣ್ಣುವುದು ಬಂದ್, ಮೇಜು ಹಾಕಿ. ಕಕ್ಕಸು ಇಂಡಿಯನ್ ಆದರೆ ಕಮೋಡ್ ಕುರ್ಚಿ ತನ್ನಿ, ಮೊಣಕಾಲಿಗಿಂತ ಸೊಂಟ ಮೇಲಿರುವಷ್ಟು ಎತ್ತರ. ಮಲಗುವಾಗ ಎರಡು ಕಾಲಿನ ನಡುವೆ ದಿಂಬು. ಕಾಲ ಮೇಲೆ ಕಾಲು ಹಾಕುವಂತಿಲ್ಲ. ಬಿದ್ದ ಪಾದರಕ್ಷೆ ಬಗ್ಗಿ ಎತ್ತುವಂತಿಲ್ಲ. ಮೊದಲ ಮೂರು ತಿಂಗಳು ಇದು ಕಟ್ಟುನಿಟ್ಟು, ಆಮೇಲೆ ನಿಮ್ಮ ಸರ್ಜನ್ ಹೇಳಿದಷ್ಟು ಸಡಿಲ.

ಬಚ್ಚಲಿಗೆ ಹಿಡಿಕೆ ಹಾಕಿಸಿ, ಪಾಚಿ ಉಜ್ಜಿಸಿ, ರಾತ್ರಿ ದೀಪ ಉರಿಯಲಿ. ನಾಯಿ, ಬೆಕ್ಕು, ಚಾಪೆಯ ಅಂಚು, ಇವೇ ಶತ್ರುಗಳು. ಮತ್ತೆ, ಪಾಪ ನೋವು ಎಂದು ಮಗಳು ಸೊಸೆ ಎಲ್ಲ ಕೈಗೆ ತಂದು ಕೊಡಬೇಡಿ. ನೀರು ಕುಡಿಯಲು ತಾವೇ ಎದ್ದು ಹೋಗಲಿ.

ಎಲುಬಿನ ಮೇಷ್ಟ್ರು

ಬಹಳ ಖುಷಿ. ಒಂದು ಕೆಲಸ ಬಾಕಿ ಇದೆ. ನಿಂತಲ್ಲಿಂದ ಬಿದ್ದು ಬಟ್ಟಲು ಒಡೆಯಿತು ಎಂದರೆ ಮೂಳೆ ಟೊಳ್ಳಾಗಿದೆ ಎಂದೇ ಅರ್ಥ, ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬರುವವರೆಗೆ ಅನುಮಾನ ಪಡುವ ಅಗತ್ಯವೂ ಇಲ್ಲ. ವಿಟಮಿನ್ ಡಿ ನೋಡಿಸಿ, ಕಡಿಮೆ ಇದ್ದರೆ ಮೊದಲು ಅದನ್ನು ತುಂಬಿಸಿ. ಆಮೇಲೆ ಮೂಳೆ ಗಟ್ಟಿಮಾಡುವ ಮದ್ದು, ವರ್ಷಕ್ಕೊಂದು ಸಲ ಕೊಡುವ ಝೋಲೆಡ್ರೋನಿಕ್ ಆಸಿಡ್ ಡ್ರಿಪ್ಪೋ, ದಿನಾ ಚುಚ್ಚಿಕೊಳ್ಳುವ ಟೆರಿಪಾರಟೈಡೋ, ಯಾವುದು ಎಂದು ಕೇಳಿ. ಕಿಡ್ನಿ ಪರೀಕ್ಷೆ ನೋಡದೆ ಡ್ರಿಪ್ ಬೇಡ. ಶುಗರ್ ಇದೆಯಲ್ಲ. ಹಲ್ಲು ಕೀಳಿಸುವುದಿದ್ದರೆ ಅದಕ್ಕೂ ಮುಂಚೆಯೇ ಮುಗಿಸಿ. ಬಹಳ ಮನೆಗಳಲ್ಲಿ ಲಕ್ಷ ಖರ್ಚು ಮಾಡಿ ಆಪರೇಷನ್ ಮಾಡಿಸುತ್ತಾರೆ, ಈ ಮದ್ದು ಮಾತ್ರ ಡಿಸ್ಚಾರ್ಜ್ ಚೀಟಿಯಲ್ಲೇ ಉಳಿಯುತ್ತದೆ, ಎರಡು ವರ್ಷಕ್ಕೆ ಇನ್ನೊಂದು ಕಡೆ ಮುರಿದುಕೊಂಡು ಬರುತ್ತಾರೆ.

ಹೇಮಾವತಿ ದಂಡೆ

ಏಳು ವಾರ ಆಯಿತು. ವಾಕರ್ ಬಿಟ್ಟು ಕೋಲಿಗೆ ಬಂದಿದ್ದಾರೆ. ಎಕ್ಸ್‌ರೇಯಲ್ಲಿ ಕಪ್ ಅಲ್ಲಾಡಿಲ್ಲ. ಎಡಗಾಲು ಸ್ವಲ್ಪ ಊದುತ್ತದೆ ಸಂಜೆ ಹೊತ್ತು, ಡಾಪ್ಲರ್ ಮಾಡಿಸಿದೆವು, ಹೆಪ್ಪು ಇಲ್ಲ. ವಿಟಮಿನ್ ಡಿ ಬರೀ 11 ಇತ್ತು, ಬಿಸಿಲಲ್ಲೇ ಬದುಕಿದ ಹೆಂಗಸಿಗೆ! ಡ್ರಿಪ್ ಮುಂದಿನ ವಾರ.

ಮೇಷ್ಟ್ರು ಹೇಳಿದ ಒರಳು ಗುಂಡಿನ ಮಾತನ್ನು ಅಮ್ಮನಿಗೆ ಹೇಳಿದೆ. ಹಿತ್ತಲಿನ ಒರಳು ತೋರಿಸಿ, ಇದಕ್ಕೆ ಪ್ಲೇಟು ಎಷ್ಟಾಗುತ್ತದೆ ಕೇಳು ಅಂದರು.

ಒಂದು ಪ್ರಶ್ನೆ ಫಿಸಿಯೋ ಅಕ್ಕನಿಗೆ. ಡೇರಿಗೆ ಹೋಗುವ ದಾರಿಯಲ್ಲಿ ಒಂದು ಏರು ಇದೆ. ಯಾವಾಗ ಹತ್ತಿಸಬಹುದು?

ಫಿಸಿಯೋ ಅಕ್ಕ

ಏರು ಬೇಗ ಆಗುತ್ತದೆ, ಇಳಿಯುವುದೇ ಕಷ್ಟ. ಇನ್ನೊಂದು ತಿಂಗಳು ಸಮತಟ್ಟು ರಸ್ತೆಯಲ್ಲಿ ನಡೆಯಲಿ, ಕೋಲು ಬಲಗೈಯಲ್ಲಿ ಇರಲಿ, ಎಡಗೈಯಲ್ಲಲ್ಲ, ಎಲ್ಲರೂ ಅದನ್ನು ತಪ್ಪು ಮಾಡುತ್ತಾರೆ. ಹಾಲಿನ ಕ್ಯಾನು ನೀವೇ ಹೊತ್ತುಕೊಳ್ಳಿ.